ಮಷಿನ್ ಇದೆಯಲ್ಲ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ವಾಷಿಂಗ್ ಮಷಿನ್ ಹೊಟ್ಟೆ ತುಂಬ ನೀರು ಇಟ್ಟುಕೊಂಡು ನಿಂತುಬಿಟ್ಟಿತು. ಅಣ್ಣ ಬರುವುದು ನಾಲ್ಕು ಗಂಟೆಗೆ.

ಮೊದಲು ನಾನು ನನ್ನನ್ನೇ ಅನುಮಾನಿಸಿದೆ. ಯಾವಾಗಲೂ ಹಾಗೆಯೇ. ಬೀದಿಯಲ್ಲೆಲ್ಲ ಕರೆಂಟ್ ಹೋದರೂ ನಾನೇ ಯಾವುದೋ ಸ್ವಿಚ್ ತಪ್ಪಾಗಿ ಒತ್ತಿದೆನೇನೋ ಅನ್ನಿಸುತ್ತದೆ. ಬಟ್ಟೆ ಜಾಸ್ತಿಯಾಯಿತೇ, ಸೋಪಿನ ಪುಡಿ ಜಾಸ್ತಿಯಾಯಿತೇ? ಬೆಳಿಗ್ಗೆ ಅವಸರದಲ್ಲಿದ್ದೆ, ನಿಜ. ಬಚ್ಚಲುಮನೆಯ ಬಾಗಿಲ ಬಳಿ ಬಕೆಟ್ಟಿನಲ್ಲಿದ್ದ ಬಟ್ಟೆಯನ್ನೆಲ್ಲ ಎರಡು ಕೈಯಲ್ಲಿ ಬಾಚಿ ಒಳಗೆ ತುರುಕಿ ಗುಂಡಿ ಒತ್ತಿದ್ದೆ. ಮೂರು ಬೆಡ್‌ಶೀಟು, ಎರಡು ನೈಟಿ, ಒಂದು ಟವೆಲು. ಅಷ್ಟಕ್ಕೆ ಅದು ಯಾವತ್ತೂ ಮುನಿಸಿಕೊಂಡದ್ದಿಲ್ಲ.

ಗುಂಡನೆಯ ಗಾಜಿನ ಬಾಗಿಲ ಹಿಂದೆ ಬೂದು ಬಣ್ಣದ ನೀರು ಅರ್ಧಕ್ಕೆ ನಿಂತಿತ್ತು. ಹತ್ತು ಸೆಕೆಂಡು ತಳದಿಂದ ಗುಂಯ್ ಎಂದು ನರಳುವುದು, ಸುಮ್ಮನಾಗುವುದು, ಮತ್ತೆ ನರಳುವುದು. ಮೂರನೆಯ ಸಲಕ್ಕೆ ಕೆಂಪು ದೀಪ ಮಿಣುಕತೊಡಗಿತು. ಬಾಗಿಲು ಎಳೆದೆ, ಬರಲಿಲ್ಲ. ನೀರಿರುವ ತನಕ ಅದು ತೆರೆಯುವುದಿಲ್ಲ ಎಂದು ಗೊತ್ತಿದ್ದೂ ಇನ್ನೆರಡು ಸಲ ಎಳೆದೆ.

ಕಂಪನಿಗೆ ಫೋನ್ ಮಾಡಿದರೆ ಮಂಗಳವಾರ ಬರುತ್ತೇವೆ ಎಂದರು. ಮಂಗಳವಾರದ ಮಾತು ನನಗೆ ಯಾವ ಉಪಯೋಗಕ್ಕೆ?

ಹದಿನೈದು ದಿನದ ಹಿಂದೆ ಅಣ್ಣ ಹೇಳದೆ ಕೇಳದೆ ಬಂದಿದ್ದ. ನಾನು ಕೆಲಸದಲ್ಲಿದ್ದೆ. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ನನ್ನದು, ಅರ್ಧ ದಿನದ್ದು. ಅಮ್ಮನ ಸೊಂಟದ ಮೂಳೆ ಮುರಿದು, ಕೂಡಿ, ಅವಳು ವಾಕರ್ ಹಿಡಿದು ಓಡಾಡುವ ಹಾಗಾಗಿ ಎಂಟು ತಿಂಗಳಾಗಿತ್ತು. ಆದರೆ ಆಸ್ಪತ್ರೆಯಿಂದ ಬಂದಾಗಿನಿಂದ ಮೂತ್ರ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಅಣ್ಣ ಬಂದಾಗ ಅಮ್ಮ ಒದ್ದೆ ಬೆಡ್‌ಶೀಟಿನ ಮೇಲೆ ಕೂತಿದ್ದಳು. ನಾನು ಮನೆಗೆ ಬರುವಷ್ಟರಲ್ಲಿ ಅವನ ತೀರ್ಮಾನ ಆಗಿಹೋಗಿತ್ತು. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕಡೆ ಹಾಸಿಗೆ ಖಾಲಿಯಾಗಿದೆಯಂತೆ. ಪರಿಚಯದವರು ಹದಿನೈದು ದಿನ ತಡೆದಿಟ್ಟಿರುತ್ತಾರಂತೆ.

"ನೀನು ಕೆಲಸಕ್ಕೆ ಹೋಗ್ತೀಯ," ಎಂದಿದ್ದ. "ಅಮ್ಮನ್ನ ಎತ್ತಿ ಎತ್ತಿ ಮಣಿಕಟ್ಟು ಹಾಳು ಮಾಡ್ಕೊಂಡಿದೀಯ. ಒಂದು ಕರ್ಚೀಫ್ ಹಿಂಡೋಕೆ ಆಗಲ್ಲ ನಿನ್ನ ಕೈಲಿ. ದಿನಾ ಇಷ್ಟು ಬಟ್ಟೆ ಹೇಗೆ ಒಗೀತೀಯ?"

"ಮಷಿನ್ ಇದೆಯಲ್ಲ," ಎಂದೆ.

ಹೇಳಲು ನನ್ನ ಹತ್ತಿರ ಇದ್ದದ್ದು ಅದೊಂದೇ. ಅಮ್ಮನ ಜೊತೆ ಇರಬೇಕು ಅನ್ನಿಸುತ್ತದೆ, ಅವಳಿಲ್ಲದ ಮನೆಗೆ ಕೆಲಸದಿಂದ ವಾಪಸು ಬರುವುದು ನನ್ನ ಕೈಲಾಗದು ಎಂದೆಲ್ಲ ಹೇಳಿದರೆ ಅಣ್ಣ ಅದನ್ನು ಕಾರಣ ಎಂದು ಒಪ್ಪುವುದಿಲ್ಲ.

"ಸರಿ, ಹದಿನೈದು ದಿನ ನೋಡೋಣ," ಎಂದಿದ್ದ. "ಶನಿವಾರ ಬರ್ತೀನಿ. ಮನೆ ಇದೇ ಥರ ಇದ್ರೆ ಮತ್ತೆ ವಾದ ಮಾಡಬಾರದು. ಸಂಜೆ ಅವರಿಗೆ ಹೂಂ ಅಂತಲೋ ಊಹೂಂ ಅಂತಲೋ ಹೇಳಲೇಬೇಕು."

ಆ ಶನಿವಾರವೇ ಇದು.

ಕಂಪನಿಯವರನ್ನು ಬಿಟ್ಟರೆ ನನಗೆ ಗೊತ್ತಿದ್ದವನು ಒಬ್ಬ ರಿಪೇರಿಯವನು. ಫೋನ್ ಎತ್ತಿಕೊಂಡ. ಹಿಂದೆ ಬಸ್ಸಿನ ಹಾರ್ನ್ ಕೇಳುತ್ತಿತ್ತು.

"ಮೇಡಂ, ನಾನು ಊರಲ್ಲಿಲ್ಲ. ಸೋಮವಾರ ಬರ್ತೀನಿ."

"ಸೋಮವಾರಕ್ಕೆ ಏನೂ ಉಳಿದಿರಲ್ಲ," ಎಂದೆ. ನನ್ನ ದನಿ ಹೇಗಿತ್ತೋ, ಅವನು ಫೋನ್ ಇಡಲಿಲ್ಲ.

"ಏನು ಮಾಡ್ತಿದೆ ಅದು?"

ಹೇಳಿದೆ. ನರಳುವುದನ್ನು ಫೋನ್ ಹಿಡಿದು ಕೇಳಿಸಿದೆ.

"ಪಂಪ್‌ಗೆ ಏನೋ ಸಿಕ್ಕಿದೆ. ಪ್ಲಗ್ ತೆಗೀರಿ, ನಲ್ಲಿ ಬಂದ್ ಮಾಡಿ. ಕೆಳಗೆ ಬಲಗಡೆ ಸಣ್ಣ ಮುಚ್ಚಳ ಇದೆಯಾ? ಅದರೊಳಗೆ ಬೆರಳು ಗಾತ್ರದ ಪೈಪು, ಪಕ್ಕದಲ್ಲಿ ತಿರುಗಿಸೋ ಫಿಲ್ಟರ್. ಮೊದಲು ಪೈಪಿಂದ ನೀರು ಬಿಡಿ. ಎಲ್ಲಾ ಖಾಲಿಯಾದ ಮೇಲೆ ಫಿಲ್ಟರ್. ಮೊದಲೇ ಫಿಲ್ಟರ್ ತಿರುಗಿಸಿದ್ರೆ ಈಜು ಬರ್ಬೇಕಾಗುತ್ತೆ."

ಒಂದೊಂದನ್ನೂ ಬರೆದುಕೊಂಡೆ. ಬರೆದುಕೊಳ್ಳದೆ ನನಗೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಸಂಜೆ ಕಾಲೇಜಿಗೆ ಹೋಗುತ್ತಿದ್ದಾಗ ಹಗಲು ಕೆಲಸ ಮಾಡಿ ದಣಿದ ತಲೆಗೆ ಏನೂ ಹತ್ತದೆ ಅಂಗೈಯಗಲದ ಚೀಟಿಗಳಲ್ಲಿ ಬರೆದು ಅಡುಗೆಮನೆಯ ಗೋಡೆಗೆಲ್ಲ ಅಂಟಿಸುತ್ತಿದ್ದೆ. ಆಗಿನಿಂದ ಅಣ್ಣ ನನ್ನನ್ನು ಚೀಟಿ ಎಂದೇ ಕರೆಯುವುದು.

ತಟ್ಟೆ ಇಟ್ಟು ಸಣ್ಣ ಪೈಪಿನ ಬಿರಡೆ ತೆಗೆದೆ. ಒಂದು ಹನಿ ಬಂತು. ಹಿಂಡಿದೆ, ಇನ್ನೊಂದು ಹನಿ. ಗಂಟೆ ಹನ್ನೊಂದೂಮುಕ್ಕಾಲು. ಈ ಲೆಕ್ಕದಲ್ಲಿ ನೀರು ಖಾಲಿಯಾಗಲು ಮುಂದಿನ ತಿಂಗಳಾಗಬಹುದು. ಕೋಣೆಯಿಂದ ಅಮ್ಮ ಕೇಳಿದಳು:

"ಏನಾಯ್ತೇ? ಶಬ್ದ ನಿಂತುಹೋಯ್ತು."

"ಏನಿಲ್ಲ ಅಮ್ಮ. ಸ್ವಲ್ಪ ಕಟ್ಟಿಕೊಂಡಿದೆ. ನಿಂಗೆ ಬದಲಾಯಿಸಬೇಕಾ?"

"ಬೇಡ ಬೇಡ. ನಂಗೇನೂ ಬೇಡ. ಒಣಗೇ ಇದೀನಿ."

ಅದೊಂದು ಸಮಾಧಾನ. ವಾರದಿಂದ ಅಮ್ಮ ಎಷ್ಟೋ ಸುಧಾರಿಸಿದ್ದಳು. ಅಣ್ಣ ಹೋದ ದಿನವೇ ನಾನು ಒಂದು ದೊಡ್ಡ ಹಾಳೆಗೆ ಗೆರೆ ಹಾಕಿ, ದಿನಾಂಕ, ಗಂಟೆ, ಒಣಗಿತ್ತೋ ಒದ್ದೆಯೋ ಎಂದು ಅಂಕಣ ಮಾಡಿ, ಅಮ್ಮನ ಮಂಚದ ಎದುರಿನ ಗೋಡೆಗೆ ಅಂಟಿಸಿದ್ದೆ. ಡೈಪರ್ ಬದಲಾಯಿಸಿದಾಗಲೆಲ್ಲ ಅದರಲ್ಲಿ ಗುರುತು ಹಾಕುತ್ತಿದ್ದೆ. ಡಾಕ್ಟರಿಗೂ ಆಗುತ್ತದೆ, ಅಣ್ಣನಿಗೂ ತೋರಿಸಬಹುದು. ಮೊದಲ ವಾರ ದಿನಕ್ಕೆ ಆರು ಇದ್ದದ್ದು ಐದಾಯಿತು, ನಾಲ್ಕಾಯಿತು, ಮೊನ್ನೆಯಿಂದ ಮೂರು. ಮಾತ್ರೆ ಹಿಡಿಯಿತು ಎಂದುಕೊಂಡೆ. ಡೈಪರ್ ಪ್ಯಾಕೆಟ್ಟು ಮಾತ್ರ ಮೊದಲಿನಷ್ಟೇ ಬೇಗ ಮುಗಿಯುತ್ತಿತ್ತು. ನನ್ನ ಎಣಿಕೆಯೇ ತಪ್ಪಿರಬೇಕು ಎಂದು ಮತ್ತೆ ಮತ್ತೆ ಎಣಿಸಿ ನನ್ನನ್ನೇ ಬೈದುಕೊಂಡಿದ್ದೆ.

ರಿಪೇರಿಯವನು ಬೇಡ ಎಂದದ್ದನ್ನೇ ನಾನು ಮಾಡಿದೆ. ಫಿಲ್ಟರನ್ನು ಎಡಗೈಯಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿದೆ. ಏನೂ ಬರಲಿಲ್ಲ. ಇನ್ನೂ ಕಾಲು ಸುತ್ತು. ಇನ್ನೂ ಸ್ವಲ್ಪ. ಆಮೇಲೆ ಅದು ನನ್ನ ಕೈಯಿಂದ ಹಾರಿ, ಹಿಂದೆಯೇ ನೀರು ನುಗ್ಗಿತು. ತಟ್ಟೆ ಕೊಚ್ಚಿಕೊಂಡು ಹೋಯಿತು. ಮನೆಯಲ್ಲಿದ್ದ ನೆಲ ಒರೆಸುವ ಬಟ್ಟೆ, ಹಳೆ ಟವೆಲು, ನನ್ನ ದುಪಟ್ಟಾ ಎಲ್ಲವನ್ನೂ ಸೇರಿಸಿ ಒಡ್ಡು ಕಟ್ಟಿದೆ. ನೀರಿನ ಜೊತೆ ಏನೋ ಬರುತ್ತಿತ್ತು. ಕಪ್ಪೆ ಮೊಟ್ಟೆಯ ಹಾಗೆ ಮೆತ್ತಗೆ, ಹರಳು ಹರಳಾಗಿ, ಪಾರದರ್ಶಕವಾಗಿ, ಮುದ್ದೆ ಮುದ್ದೆ. ಹಿಡಿದರೆ ಜಾರಿ ಹೋಗುತ್ತಿತ್ತು. ಸೋಪಿನ ಪುಡಿ ಗಟ್ಟಿಯಾದದ್ದೇ ಇರಬೇಕು, ನಾನೇ ಜಾಸ್ತಿ ಹಾಕಿದ್ದು ಎಂದು ಖಚಿತವಾಗಿ ನನ್ನ ಮೇಲೆಯೇ ತೀರ್ಪು ಕೊಟ್ಟುಕೊಂಡೆ.

ಬಾಗಿಲು ಬಡಿದ ಶಬ್ದ. ಕೆಳಮನೆಯ ಡ್ರೈವರ್ ಅಂಕಲ್. ಬಸ್ ಓಡಿಸಿ ನಿವೃತ್ತರಾದವರು. ತಲೆಯ ಮೇಲೆ ಟವೆಲ್ ಹೊದ್ದುಕೊಂಡಿದ್ದರು.

"ತಾಯಿ, ನಮ್ಮನೆ ಬಚ್ಚಲಿಗೆ ನಾನು ಶವರ್ ಹಾಕಿಸಿಲ್ಲ," ಎಂದರು. "ಆದ್ರೂ ಮೇಲಿಂದ ಸ್ನಾನ ಆಗ್ತಿದೆ ನಂಗೆ."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ, ಅಳು ಬಂತು. ಬಾಯಿ ಮುಚ್ಚಿಕೊಂಡೆ.

ಅವರು ಪ್ಯಾಂಟು ಮಡಚಿಕೊಂಡು ಒಳಗೆ ಬಂದರು. ನೀರಿನಲ್ಲಿ ಕೂತು ಆ ಹರಳುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದರು. "ಮೂವತ್ತು ವರ್ಷ ಗಾಡಿ ಬಿಚ್ಚಿದೀನಿ. ರೇಡಿಯೇಟರಲ್ಲಿ ಮೀನು ಸಿಕ್ಕಿದ್ದು ನೋಡಿದೀನಿ. ಇದನ್ನ ನೋಡಿಲ್ಲ." ಆಮೇಲೆ ಕೋಣೆಯ ಕಡೆ ತಿರುಗಿ, "ಆಯಮ್ಮ, ಆರಾಮಾ?" ಎಂದು ಕೂಗಿದರು.

"ಹೂಂನಪ್ಪ," ಎಂದಳು ಅಮ್ಮ. ಬೇರೇನೂ ಹೇಳಲಿಲ್ಲ. ಇನ್ನೊಂದು ದಿನವಾಗಿದ್ದರೆ ಅವರನ್ನು ಕರೆದು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿಸಿ ಕಳಿಸುತ್ತಿದ್ದಳು.

ರಿಪೇರಿಯವನಿಗೆ ಮತ್ತೆ ಫೋನ್ ಮಾಡಿದೆ.

"ಜೆಲ್ಲಿ ಥರ ಇದೆ. ಸೋಪು ಗಟ್ಟಿಯಾಗಿರಬೇಕು ಅಲ್ವಾ?"

"ಸೋಪು ಹಾಗಾಗಲ್ಲ ಮೇಡಂ. ಮನೇಲಿ ಮಗು ಇದೆಯಾ?"

"ಇಲ್ಲ."

"ಹಾಗಾದ್ರೆ ದೊಡ್ಡವರು ಯಾರಾದ್ರೂ ಡೈಪರ್ ಹಾಕ್ಕೊಳ್ತಾರಾ?"

ನಾನು ಕೋಣೆಯ ಕಡೆ ತಿರುಗಿ ನೋಡಿದೆ.

"ಅದೇ. ಬಟ್ಟೆ ಜೊತೆ ಒಂದು ಒಳಗೆ ಹೋಗಿದೆ. ನೀರು ಕುಡಿದು ಒಡೆದಿದೆ. ಒಂದು ಡೈಪರ್ ಒಂದು ಬಕೆಟ್ ಜೆಲ್ಲಿ ಕೊಡುತ್ತೆ. ಉಪ್ಪು ತನ್ನಿ, ನಾಲ್ಕು ಪ್ಯಾಕೆಟ್. ಉಪ್ಪು ಬಿದ್ರೆ ಅದು ನೀರು ಬಿಟ್ಟು ಕುಗ್ಗುತ್ತೆ. ತಳದಲ್ಲಿ ದಪ್ಪ ರಬ್ಬರ್ ಪೈಪು ಇದೆ, ಅದನ್ನ ಬಿಚ್ಚಿ ಕ್ಲೀನ್ ಮಾಡ್ಬೇಕು. ಒಬ್ಬರ ಕೈಲಿ ಆಗಲ್ಲ."

ಡ್ರೈವರ್ ಅಂಕಲ್ ಉಪ್ಪು ತರಲು ಹೋದರು. "ಅಂಗಡಿಯವನು ಕೇಳಿದ್ರೆ ಸಮುದ್ರ ಮಾಡ್ತಿದೀವಿ ಅಂತೀನಿ," ಎನ್ನುತ್ತಾ ಮೆಟ್ಟಿಲಿಳಿದರು.

ನೀರೆಲ್ಲ ಹೊರಗೆ ಬಂದಿತ್ತು. ಮಷಿನ್ ಬಾಗಿಲ ಬಳಿ ಟಕ್ ಎಂದಿತು. ಈ ಸಲ ಎಳೆದಾಗ ತೆರೆದುಕೊಂಡಿತು.

ನಾನು ಹಾಗೆ ಮಾಡಿರಲಾರೆ ಎಂದು ನನಗೇ ಮೊದಲ ಬಾರಿಗೆ ಅನ್ನಿಸಿತು. ಡೈಪರನ್ನು ಪ್ರತಿ ಸಲವೂ ನಾನೇ ತೆಗೆದು, ಕವರಿಗೆ ಹಾಕಿ, ಗಂಟು ಕಟ್ಟಿ, ಕಸದ ಡಬ್ಬಕ್ಕೆ ಹಾಕಿ, ಕೈ ತೊಳೆದು ಗುರುತು ಹಾಕುತ್ತೇನೆ. ಅದು ತಪ್ಪುವುದು ಹೇಗೆ? ನೈಟಿಗಳನ್ನು ತೆಗೆದೆ. ಟವೆಲು ತೆಗೆದೆ. ಎಲ್ಲದಕ್ಕೂ ಹರಳು ಮೆತ್ತಿತ್ತು. ಎರಡು ಬೆಡ್‌ಶೀಟು ಬಿಡಿಬಿಡಿಯಾಗಿ ಬಂದವು. ಮೂರನೆಯದು ಬಿಡಿಯಾಗಿರಲಿಲ್ಲ. ಚಾಪೆಯ ಹಾಗೆ ಬಿಗಿಯಾಗಿ ಸುತ್ತಿ, ಎರಡೂ ತುದಿಯನ್ನು ಒಳಕ್ಕೆ ಮಡಚಿ ಸಿಕ್ಕಿಸಿದ್ದ ಸುರುಳಿ. ಅಷ್ಟು ಹೊತ್ತು ನೀರಿನಲ್ಲಿ ಉರುಳಾಡಿದರೂ ಒಂದು ತುದಿ ಮಾತ್ರ ಬಿಟ್ಟುಕೊಂಡಿತ್ತು. ಅದರೊಳಗೆ ಒಡೆದ ಡೈಪರ್.

ಆ ಸುರುಳಿ ಯಾರ ಕೈಯದು ಎಂದು ಯಾರನ್ನೂ ಕೇಳಬೇಕಿರಲಿಲ್ಲ.

ಅಮ್ಮ ಇಪ್ಪತ್ತೆಂಟು ವರ್ಷ ಶಿಶುವಿಹಾರದಲ್ಲಿ ಆಯಾ ಆಗಿದ್ದವಳು. ಬೀದಿಯ ಅರ್ಧ ಜನ ಅವಳ ಕೈಯಲ್ಲಿ ಚಡ್ಡಿ ಬದಲಾಯಿಸಿಕೊಂಡವರೇ. ಮಗು ಒದ್ದೆ ಮಾಡಿಕೊಂಡರೆ ಅಮ್ಮ ಅದರ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಏನೋ ಕೆಲಸವಿದ್ದಂತೆ ಬೆರಳು ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಬೇರೆ ಚಡ್ಡಿ ಹಾಕಿ, ಒದ್ದೆಯದನ್ನು ಒಣಗಿದ ಟವೆಲಿನೊಳಗೆ ಇಟ್ಟು ಹೀಗೇ ಸುತ್ತಿ, ಎರಡೂ ತುದಿ ಹೀಗೇ ಸಿಕ್ಕಿಸಿ, ಮಗುವಿನ ಚೀಲದ ತಳಕ್ಕೆ ಇಡುತ್ತಿದ್ದಳು. ಉಳಿದ ಮಕ್ಕಳಿಗೆ ಗೊತ್ತಾಗಬಾರದು. ಟೀಚರಿಗೂ ಗೊತ್ತಾಗಬಾರದು. ಮನೆಗೆ ಹೋದ ಮೇಲೆ ಅದರ ತಾಯಿ ಬಿಚ್ಚಿ ನೋಡಲಿ. ರಜೆಯ ದಿನ ನಾನು ಅವಳ ಜೊತೆ ಹೋಗಿ ನೋಡುತ್ತಿದ್ದೆ.

ಕೋಣೆಗೆ ಹೋದೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಣ್ಣು ಮುಚ್ಚಿತ್ತು, ಆದರೆ ನಿದ್ದೆಯಲ್ಲಿ ಅಮ್ಮ ಬಾಯಿ ತೆರೆಯುತ್ತಾಳೆ; ಈಗ ತುಟಿ ಬಿಗಿಯಾಗಿತ್ತು. ಅವಳ ಬೆನ್ನಿನ ಕಡೆಯ ಗೋಡೆಯಲ್ಲಿ ನನ್ನ ಹಾಳೆ. ಮೊನ್ನೆ ಮೂರು. ನಿನ್ನೆ ಮೂರು. ಇವತ್ತು ಬೆಳಿಗ್ಗೆ ಒಂದು.

ಕೇಳಬೇಕು ಎಂದುಕೊಂಡೆ. ಏನೆಂದು ಕೇಳುವುದು? ಬಾಗಿಲಲ್ಲಿ ನಿಂತು, ಸದ್ದು ಮಾಡದೆ ಹಿಂದಕ್ಕೆ ಬಂದುಬಿಟ್ಟೆ.

ಮತ್ತೆ ಮಷಿನ್ ಎದುರು ಕೂತಾಗ ನನ್ನ ಪರಿಸ್ಥಿತಿ ಎಷ್ಟು ಇಕ್ಕಟ್ಟಿನದು ಎನ್ನುವುದು ನಿಧಾನವಾಗಿ ತಲೆಗಿಳಿಯಿತು. ಅಮ್ಮ ಡೈಪರನ್ನು ಮಷಿನ್ ಬಟ್ಟೆಯೊಳಗೆ ಹಾಕಿದಳು ಎಂದರೆ, ಅವಳ ತಲೆ ಕೆಟ್ಟಿದೆ, ಮನೆಯಲ್ಲಿಡುವುದು ಅಪಾಯ ಎನ್ನುತ್ತಾನೆ ಅಣ್ಣ. ನಾನೇ ಹಾಕಿದೆ ಎಂದರೆ, ನಿನ್ನ ಕೈಲಿ ಆಗುವುದಿಲ್ಲ ಎನ್ನುತ್ತಾನೆ. ಯಾವ ಕಡೆಯಿಂದ ಹೋದರೂ ಅದೇ ಗೇಟು. ಅವನು ಬರುವ ಮೊದಲು ಎಲ್ಲ ತೊಳೆದು, ಒರೆಸಿ, ಮಷಿನ್ ಓಡುವಂತೆ ಮಾಡಿದರೆ ಮಾತ್ರ ಯಾರೂ ಏನೂ ಹೇಳಬೇಕಾಗಿಲ್ಲ. ಗಂಟೆ ಒಂದೂಕಾಲು.

ಡ್ರೈವರ್ ಅಂಕಲ್ ಐದು ಪ್ಯಾಕೆಟ್ ಉಪ್ಪು, ಒಂದು ಇಕ್ಕಳ ತಂದರು. ಇಬ್ಬರೂ ಸೇರಿ ಮಷಿನನ್ನು ಮುಂದಕ್ಕೆಳೆದು, ಹಿಂದಕ್ಕೆ ವಾಲಿಸಿ ಗೋಡೆಗೆ ಒರಗಿಸಿದೆವು. ಅವರು ಭುಜ ಕೊಟ್ಟು ಹಿಡಿದುಕೊಂಡರು. ನಾನು ಅಂಗಾತ ಮಲಗಿ ತಲೆಯನ್ನು ಅದರ ಕೆಳಗೆ ತೂರಿಸಿದೆ. ಬೆನ್ನ ಕೆಳಗೆ ನೀರು ತಣ್ಣಗೆ ಹರಿಯಿತು.

"ಬೇಗ ಮಾಡು ತಾಯಿ," ಎಂದರು ಅವರು. "ನನ್ನ ಹ್ಯಾಂಡ್‌ಬ್ರೇಕ್ ಹಳೇದು."

ರಬ್ಬರ್ ಪೈಪಿನ ಕ್ಲಿಪ್ಪನ್ನು ಬಲಗೈಯಲ್ಲಿ ಒತ್ತಿದೆ. ಮಣಿಕಟ್ಟಿನಿಂದ ಮೊಣಕೈ ತನಕ ನೋವು ಬೆಂಕಿಯ ಗೆರೆ ಎಳೆದ ಹಾಗೆ ಹರಿಯಿತು, ಇಕ್ಕಳ ಬಿದ್ದುಹೋಯಿತು. ಎಡಗೈಯಲ್ಲಿ ಹಿಡಿದೆ, ಎಡಗೈಗೆ ಬುದ್ಧಿಯಿಲ್ಲ, ಕ್ಲಿಪ್ ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಅಂಕಲ್ ಉಸಿರು ಬಿಡುವುದು ಮೇಲೆ ಕೇಳುತ್ತಿತ್ತು. ಕೊನೆಗೆ ಎರಡೂ ಕೈ ಸೇರಿಸಿ ಹಿಡಿದು, ಕಣ್ಣು ಮುಚ್ಚಿ ಒತ್ತಿದೆ. ಬಿಟ್ಟುಕೊಂಡಿತು. ಪೈಪು ಕಳಚಿ ಹರಳಿನ ಮುದ್ದೆ ಮುಖದ ಮೇಲೆ, ಕೂದಲಿನಲ್ಲಿ, ಕಿವಿಯೊಳಗೆ ಬಿತ್ತು. ಅದು ಏನು ಎಂದು ಗೊತ್ತಿದ್ದೂ ನನಗೆ ಅಸಹ್ಯವಾಗಲಿಲ್ಲ. ಇದನ್ನು ಬಚ್ಚಿಡುವಾಗ ಅಮ್ಮ ಎಷ್ಟು ಸಲ ಹೆದರಿರಬೇಕು ಎಂದಷ್ಟೇ ಅನ್ನಿಸಿತು.

ಬೆರಳು ಹಾಕಿ ಬಾಚಿ ಬಾಚಿ ತೆಗೆದೆ. ಎರಡು ಬಕೆಟ್ ತುಂಬಿತು. ಪೈಪು ಮತ್ತೆ ಸಿಕ್ಕಿಸಿ, ಮಷಿನ್ ನೆಲಕ್ಕಿಳಿಸಿ, ಉಪ್ಪುನೀರು ಕಲಸಿ ಡ್ರಮ್ಮಿನೊಳಗೆ ಸುರಿದು ಅರ್ಧ ಗಂಟೆ ಬಿಟ್ಟೆವು. ರಿಪೇರಿಯವನು ಹೇಳಿದ್ದು ಸರಿಯಾಗಿತ್ತು. ಹರಳು ಕುಗ್ಗಿ ಗಂಜಿಯ ಹಾಗಾಯಿತು.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಪ್ಲಗ್ ಹಾಕಿ ಗುಂಡಿ ಒತ್ತಿದೆ. ಗುಂಯ್ ಎಂದಿತು. ನಿಂತಿತು. ನಾನೂ ಅಂಕಲ್ಲೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮತ್ತೆ ಗುಂಯ್ ಎಂದು, ಒಳಗೆ ಏನೋ ಗಕ್ಕನೆ ತಿರುಗಿ, ಗೋಡೆಯ ಪೈಪಿನಲ್ಲಿ ಗಳಗಳನೆ ನೀರು ಹೋಗುವ ಶಬ್ದ ಬಂತು.

"ಹೊರಟಿತು ಗಾಡಿ," ಎಂದರು ಅಂಕಲ್. ಟವೆಲಿನಿಂದ ಮುಖ ಒರೆಸಿಕೊಂಡು, ಒಂದು ಗುಟುಕು ನೀರೂ ಕುಡಿಯದೆ ಕೆಳಗೆ ಹೋದರು.

ಬೆಡ್‌ಶೀಟುಗಳನ್ನು ಬಾಲ್ಕನಿಯಲ್ಲಿ ಕೊಡವಿ ಮತ್ತೆ ಒಳಗೆ ಹಾಕಿದೆ. ನೆಲ ಒರೆಸತೊಡಗಿದೆ. ಆ ಹರಳು ಒರೆಸಿದಷ್ಟೂ ಸರಿದು ಸರಿದು ಇನ್ನೊಂದು ಕಡೆ ಹೋಗುತ್ತಿತ್ತು. ಇನ್ನೂ ಅರ್ಧ ನೆಲ ಉಳಿದಿರುವಾಗಲೇ ಅಣ್ಣ ಬಂದ. ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಎಂದೂ ಹೊತ್ತಿಗೆ ಬರದವನು ಅಂದು ಮೊದಲೇ ಬಂದಿದ್ದ.

ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ. ಉಪ್ಪಿನ ಖಾಲಿ ಪ್ಯಾಕೆಟ್ಟು, ಎರಡು ಬಕೆಟ್, ನನ್ನ ಕೂದಲು.

"ಏನಿದು ಚೀಟಿ?"

"ಡೈಪರ್ ಒಂದು ಬಟ್ಟೆ ಜೊತೆ ಹೋಗಿತ್ತು. ನಾನೇ ನೋಡದೆ ಹಾಕಿಬಿಟ್ಟೆ. ಬಿಚ್ಚಿ ಸರಿ ಮಾಡಿದೆ. ಓಡ್ತಿದೆ ನೋಡು."

"ನೀನು ನೋಡದೆ ಹಾಕಿದೆ."

"ಹೂಂ."

"ಬೀಗ ಹಾಕಿ ಮೂರು ಮಹಡಿ ಇಳಿದ ಮೇಲೆ, ಎಳೆದು ನೋಡೋಕೆ ಅಂತ ಮತ್ತೆ ಮೂರು ಮಹಡಿ ಹತ್ತೋಳು ನೀನು. ನೋಡದೆ ಹಾಕಿದೆ." ಚಪ್ಪಲಿ ಬಿಚ್ಚಿ, ಒಣಗಿದ ಜಾಗ ಹುಡುಕಿ ಕಾಲಿಟ್ಟು, ದನಿ ತಗ್ಗಿಸಿದ. "ಅಮ್ಮ ಹಾಕಿದ್ದು ತಾನೇ?"

"ಅಲ್ಲ."

"ನಂಗೂ ಸುಳ್ಳು ಹೇಳ್ಬೇಡ. ಇದನ್ನೇ ನಾನು ಹೇಳ್ತಿರೋದು. ಅಮ್ಮನ ತಲೆ ಒಂದು ಕಡೆ ನಿಲ್ತಿಲ್ಲ. ಇವತ್ತು ಮಷಿನ್ನು. ನಾಳೆ ನೀನು ಕೆಲಸಕ್ಕೆ ಹೋದಾಗ ಒಲೆ ಹಚ್ಚಿ ಮರೆತ್ರೆ?"

"ಅಮ್ಮನ ತಲೆ ಸರಿಯಾಗಿದೆ. ನಾನೇ ಹಾಕಿದ್ದು ಅಂದ್ನಲ್ಲ."

"ಹಾಗಾದ್ರೆ ನಿನ್ನ ತಲೆ ಹೋಗಿದೆ. ಯಾವುದು ಬೇಕೋ ಆರಿಸ್ಕೋ."

"ಪಿಸುಗುಟ್ಟೋದು ಬೇಡ," ಎಂದಳು ಅಮ್ಮ ಒಳಗಿನಿಂದ. "ಕಿವಿ ಇನ್ನೂ ಕೆಟ್ಟಿಲ್ಲ ನಂಗೆ. ಇಬ್ಬರೂ ಬನ್ನಿ ಇಲ್ಲಿ."

ಅವಳು ಮಂಚದ ಅಂಚಿನಲ್ಲಿ ವಾಕರ್ ಹಿಡಿದು ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ಅಣ್ಣ ಸ್ಟೂಲ್ ಎಳೆದುಕೊಂಡ. ನನ್ನ ಬಟ್ಟೆ ಒದ್ದೆಯಾಗಿದ್ದರಿಂದ ನಾನು ನಿಂತೇ ಇದ್ದೆ.

"ಸುತ್ತಿಟ್ಟಿದ್ದು ನಾನೇ," ಎಂದಳು. "ತಲೆ ಸರಿಯಿದ್ದೇ ಸುತ್ತಿಟ್ಟಿದ್ದು. ಒಂದು ವಾರದಿಂದ ನಾನೇ ಬದಲಾಯಿಸ್ಕೊಂಡು, ಪೇಪರಲ್ಲಿ ಸುತ್ತಿ ಕಸದ ಡಬ್ಬದ ತಳಕ್ಕೆ ಹಾಕ್ತಿದ್ದೆ, ಇವಳು ಕೆಲಸಕ್ಕೋ ಸ್ನಾನಕ್ಕೋ ಹೋದಾಗ. ಇವತ್ತು ಪೇಪರ್ ಸಿಗಲಿಲ್ಲ. ಬೆಡ್‌ಶೀಟಲ್ಲಿ ಸುತ್ತಿ ಬಕೆಟಲ್ಲಿಟ್ಟೆ, ಆಮೇಲೆ ತೆಗೆದು ಹಾಕೋಣ ಅಂತ. ವಾಕರ್ ಹಿಡ್ಕೊಂಡು ನಾನು ಮಂಚಕ್ಕೆ ಬರೋದ್ರೊಳಗೆ ಇವಳು ಮಷಿನ್ ಹಾಕಾಗಿತ್ತು."

"ಯಾಕಮ್ಮ?" ಎಂದ ಅಣ್ಣ. ಅವನ ದನಿಯಲ್ಲಿ ಈಗ ಜೋರಿರಲಿಲ್ಲ. "ಬಚ್ಚಿಡೋದು ಯಾಕೆ?"

ಅಮ್ಮ ಎದುರಿನ ಗೋಡೆ ತೋರಿಸಿದಳು.

"ಮೊನ್ನೆ ಮೂರು ಅಂತ ಬರೆದಾಗ ಇವಳ ಮುಖ ನೋಡ್ಬೇಕಿತ್ತು ನೀನು. ಸಂಜೆ ಕಾಲೇಜಿನ ಪರೀಕ್ಷೆ ಪಾಸಾದಾಗ್ಲೂ ಹಾಗೆ ನಕ್ಕಿರಲಿಲ್ಲ. ನಾಲ್ಕನೇದು ಹೇಗೆ ತೋರಿಸ್ಲಿ ನಾನು?"

ನಾನು ಗೋಡೆಯ ಕಡೆ ನಡೆದು ಹಾಳೆಯ ಮೂಲೆಗೆ ಕೈ ಹಾಕಿದೆ.

"ಹರೀಬೇಡ," ಎಂದಳು ಅಮ್ಮ. "ಹರಿದು ಏನಾಗ್ಬೇಕು? ನಿನ್ನ ತಲೇಲಿ ಇನ್ನೊಂದು ಅಂಟಿಸ್ಕೊಳ್ತೀಯ. ನಿನ್ನ ಗುಣ ನಂಗೊತ್ತಿಲ್ವಾ? ನಾನೇ ಹೆತ್ತಿದ್ದು." ಬೈಗುಳದ ದನಿಯಲ್ಲ ಅದು. ಆಮೇಲೆ ಅಣ್ಣನ ಕಡೆ ತಿರುಗಿದಳು. "ಆ ಜಾಗದಲ್ಲಿ ಇದನ್ನೆಲ್ಲ ಯಾರು ಬರ್ಕೊಳ್ತಾರೆ?"

"ನರ್ಸ್‌ಗಳು. ಪಾಳಿ ಮೇಲೆ ಬರ್ತಾರೆ."

"ನಮಗೆ ಗುರುತಿರೋರು ಯಾರಾದ್ರೂ ಇದಾರಾ?"

"ಇಲ್ಲಮ್ಮ."

"ಬರ್ಕೊಳ್ಳಲಿ. ಅದು ಅವರ ಕೆಲಸ. ನಾನೂ ಮಾಡಿದ ಕೆಲಸವೇ. ಅವರು ಮೂರಕ್ಕೆ ನಗಲ್ಲ, ಏಳಕ್ಕೆ ಅಳಲ್ಲ. ನಾನು ಹೋಗ್ತೀನಿ."

ಇಷ್ಟು ದಿನ ಇದೇ ಮಾತಿಗಾಗಿ ಹಟ ಹಿಡಿದಿದ್ದ ಅಣ್ಣ ಸ್ಟೂಲನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡ. ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ. ಏನೇನೋ ಹೇಳಿದೆ. ಇನ್ನು ಮೇಲೆ ಏನೂ ಬರೆಯುವುದಿಲ್ಲ ಎಂದೆ. ಎಣಿಸುವುದಿಲ್ಲ ಎಂದೆ. ಬೇಕಾದರೆ ಕೆಲಸ ಬಿಡುತ್ತೇನೆ ಎಂದೆ. ಯಾವುದೂ ಸರಿಯಾದ ಮಾತಾಗಿರಲಿಲ್ಲ. ಹೇಳುತ್ತಿರುವಾಗಲೇ ನನಗೆ ಅದು ಗೊತ್ತಾಗುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ.

"ಅಮ್ಮ, ಮಷಿನ್ ಸರಿಯಾಗಿದೆ," ಎಂದೆ ಕೊನೆಗೆ.

"ಕೇಳಿಸ್ತಿದೆ," ಎಂದಳು. ನನ್ನ ಕೂದಲಿನಿಂದ ಒಂದು ಹರಳನ್ನು ಬೆರಳಿನಲ್ಲಿ ತೆಗೆದು ವಾಕರಿನ ಕಂಬಿಗೆ ಒರೆಸಿದಳು. "ಚೆನ್ನಾಗಿ ಮಾಡಿದೀಯ."

ಅಣ್ಣ ಎದ್ದು ಕಿಟಕಿಯ ಬಳಿ ಹೋಗಿ ಫೋನ್ ಮಾಡಿದ. ಹಾಸಿಗೆ ಬೇಕು ಎಂದ. ಅಮ್ಮನ ವಯಸ್ಸು ಹೇಳಿದ, ಸೊಂಟದ ಆಪರೇಷನ್ನಿನ ವಿಷಯ ಹೇಳಿದ. ಯಾವ ಮಾತ್ರೆ ಎಂದು ಕೇಳಿದಾಗ ನಾನು ಹೇಳಿಕೊಟ್ಟೆ. ಆಮೇಲೆ ಅವನು ಫೋನಿಗೆ ಕೈ ಅಡ್ಡ ಹಿಡಿದು ತಿರುಗಿದ.

"ದಿನಕ್ಕೆ ಎಷ್ಟು ಸಲ ಬದಲಾಯಿಸ್ಬೇಕು ಅಂತ ಕೇಳ್ತಿದಾರೆ."

ನನಗೆ ಗೊತ್ತಿತ್ತು. ಪ್ಯಾಕೆಟ್ಟಿನ ಎಣಿಕೆ ಈಗ ಸರಿಹೊಂದಿತ್ತು. ಗಂಟೆ ಸಮೇತ ಹೇಳಬಲ್ಲವಳಾಗಿದ್ದೆ.

"ನಂಗೆ ಗೊತ್ತಿಲ್ಲ," ಎಂದೆ. ಅಣ್ಣ ನನ್ನನ್ನೇ ನೋಡಿದ. ಫೋನಿನ ಆ ಕಡೆಯಿಂದ ಹಲೋ, ಹಲೋ ಎನ್ನುತ್ತಿದ್ದರು.

"ಆರು ಅಂತ ಹೇಳು," ಎಂದಳು ಅಮ್ಮ. "ಚಳಿಯಿದ್ರೆ ಏಳು."

ಅಣ್ಣ ಹಾಗೆಯೇ ಹೇಳಿದ. ಸೋಮವಾರ ಬೆಳಿಗ್ಗೆ ಕರೆತರಬೇಕಂತೆ. ಅಲ್ಲಿ ಎಲ್ಲರ ಬಟ್ಟೆಯನ್ನೂ ಒಟ್ಟಿಗೆ ಒಗೆಯುತ್ತಾರಂತೆ. ಆದ್ದರಿಂದ ಪ್ರತಿ ಬಟ್ಟೆಯ ಮೇಲೂ ಹೆಸರು ಹೊಲಿದಿರಬೇಕಂತೆ. ನಾನು ಇವತ್ತೇ ಹೊಲಿದಿಡುತ್ತೇನೆ ಎಂದೆ. ಅಮ್ಮ ನನ್ನ ಊದಿಕೊಂಡ ಮಣಿಕಟ್ಟನ್ನು ನೋಡಿದಳು.

"ಈ ಕೈಯಲ್ಲಾ? ನನ್ನ ಬಟ್ಟೆ ನಾನು ಹೊಲ್ಕೋತೀನಿ. ಸೂಜಿಗೆ ದಾರ ಪೋಣಿಸಿಕೊಡು, ಸಾಕು."

ಸೂಜಿಯ ಡಬ್ಬಿ ಹುಡುಕಿ ತಂದು ಕಿಟಕಿಯ ಬೆಳಕಿಗೆ ಹಿಡಿದೆ. ದಾರ ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಅಮ್ಮ ಅವಸರ ಮಾಡಲಿಲ್ಲ.